ಒಂದೇ ಔಷಧಿ: ರಾಗಿಗೆ ಅಷ್ಟಿಷ್ಟು ಹಿಡಿಯಿತು, ದ್ರಾಕ್ಷಿಗೆ ಏಕೆ ಹಿಡಿಯಲಿಲ್ಲ?

ಪ್ರಶ್ನೆ: ರಾಗಿಹೊಲ, ಯಲಹಂಕ

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ನಾನು ಯಲಹಂಕದಲ್ಲಿದ್ದೇನೆ. ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ಜಮೀನನ್ನು ತಂದೆಯವರು ನೋಡಿಕೊಳ್ಳುತ್ತಾರೆ. ಖುಷ್ಕಿ ಭೂಮಿಯಲ್ಲಿ ರಾಗಿ ಇದೆ, ಕೊಳವೆಬಾವಿಯ ಪಕ್ಕದ ತುಂಡಿನಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಯ ಚಪ್ಪರವಿದೆ. ಈ ಬಾರಿ ಮೋಡ ಕವಿದ ವಾತಾವರಣ ಮತ್ತು ಸೋನೆ ಮಳೆ ಬಹಳ ದಿನ ಹಿಡಿದುಕೊಂಡಿದ್ದರಿಂದ ಎರಡೂ ಬೆಳೆಗಳಿಗೆ ರೋಗ ಬಿತ್ತು.

ರಾಗಿಯಲ್ಲಿ ಮೊದಲು ಎಲೆಗಳ ಮೇಲೆ ಎರಡೂ ತುದಿ ಚೂಪಾದ, ನಡುವೆ ಬೂದು ಬಣ್ಣದ, ಅಂಚಿನಲ್ಲಿ ಕಂದು ಬಣ್ಣದ ಚುಕ್ಕೆಗಳು ಕಂಡವು. ತೆನೆ ಬಂದ ಮೇಲೆ ತೆನೆಯ ಕೆಳಗಿನ ಕುತ್ತಿಗೆ ಕಪ್ಪಾಗಿ, ಕೆಲವು ತೆನೆಗಳು ಅಲ್ಲಿಯೇ ಮುರಿದು ಜೋತುಬಿದ್ದವು. ದ್ರಾಕ್ಷಿಯಲ್ಲಿ ಎಲೆಯ ಮೇಲ್ಭಾಗದಲ್ಲಿ ಎಣ್ಣೆ ಬಿದ್ದಂತಹ ಹಳದಿ ಕಲೆಗಳು, ತಿರುಗಿಸಿ ನೋಡಿದರೆ ಅದೇ ಜಾಗದಲ್ಲಿ ಬಿಳಿಯ ಹತ್ತಿಯಂತಹ ಬೆಳವಣಿಗೆ. ಔಷಧಿ ಅಂಗಡಿಯವರು ಕಾರ್ಬೆಂಡಜಿಮ್ ಕೊಟ್ಟು, ಬೂಷ್ಟಿನ ರೋಗಗಳಿಗೆಲ್ಲ ಇದೊಂದೇ ಸಾಕು ಎಂದರು. ಎರಡು ಬೆಳೆಗೂ ಒಂದೇ ದಿನ, ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಸಿಂಪಡಿಸಲಾಯಿತು. ರಾಗಿಯಲ್ಲಿ ಆಮೇಲೆ ಹೊರಟ ತೆನೆಗಳು ಬಹುಮಟ್ಟಿಗೆ ಚೆನ್ನಾಗಿವೆ, ಆದರೆ ಆಗಲೇ ಕುತ್ತಿಗೆ ಕಪ್ಪಾಗಿದ್ದವು ಒಂದೂ ಉಳಿಯಲಿಲ್ಲ. ದ್ರಾಕ್ಷಿಯಲ್ಲಂತೂ ಔಷಧಿ ಹೊಡೆದ ಸುಳಿವೇ ಇಲ್ಲದಂತೆ ರೋಗ ಗೊಂಚಲಿಗೂ ಇಳಿಯಿತು.

ಎರಡೂ ಶಿಲೀಂಧ್ರ ರೋಗಗಳೇ ಆಗಿದ್ದರೆ ಒಂದಕ್ಕೆ ಹಿಡಿದ ಔಷಧಿ ಇನ್ನೊಂದಕ್ಕೆ ಹಿಡಿಯದಿರಲು ಕಾರಣವೇನು? ಔಷಧಿ ಕಲಬೆರಕೆಯದೇ, ಪ್ರಮಾಣ ಸಾಲದಾಯಿತೇ, ಅಥವಾ ರೋಗವನ್ನು ಗುರುತಿಸುವುದರಲ್ಲಿಯೇ ತಪ್ಪಾಗಿದೆಯೇ? ಈ ರಾಗಿಯಿಂದ ಮುಂದಿನ ವರ್ಷಕ್ಕೆ ಬೀಜ ಇಟ್ಟುಕೊಳ್ಳಬಹುದೇ ಎಂಬುದನ್ನೂ ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಸಸ್ಯರೋಗ ವಿಭಾಗದ ಹಳೆಯ ವಿದ್ಯಾರ್ಥಿ, ಹೆಬ್ಬಾಳ

ನೀವು ಲಕ್ಷಣಗಳನ್ನು ಬಹಳ ಸ್ಪಷ್ಟವಾಗಿ ವಿವರಿಸಿರುವುದರಿಂದ ಉತ್ತರಿಸುವುದು ಸುಲಭವಾಗಿದೆ. ಔಷಧಿ ಕಲಬೆರಕೆಯೆಂದು ಸಂಶಯಿಸಲು ನೀವು ಹೇಳಿದ್ದರಲ್ಲಿ ಏನೂ ಕಾಣುವುದಿಲ್ಲ. ರಾಗಿಗೆ ಬಂದಿರುವುದು ಬೆಂಕಿ ರೋಗ. ದ್ರಾಕ್ಷಿಗೆ ಬಂದಿರುವುದು ಬೆಳೆಗಾರರು ಡೌನಿ ಎಂದು ಕರೆಯುವ ರೋಗ. ಮೊದಲನೆಯದನ್ನು ತರುವ ಪೈರಿಕ್ಯುಲೇರಿಯಾ ನಿಜವಾದ ಶಿಲೀಂಧ್ರ. ಎರಡನೆಯದನ್ನು ತರುವ ಪ್ಲಾಸ್ಮೋಪಾರಾ ವಿಟಿಕೋಲಾ ನೋಡಲು ಶಿಲೀಂಧ್ರದಂತೆಯೇ ಎಳೆಎಳೆಯಾಗಿ ಬೆಳೆದರೂ ಶಿಲೀಂಧ್ರಗಳ ಕುಲಕ್ಕೆ ಸೇರಿದ ಜೀವಿಯಲ್ಲ. ಅದು ಊಮೈಸೀಟ್ ಎಂಬ ಬೇರೆ ಗುಂಪಿನದು. ಕಂದು ಪಾಚಿಗಳು ಮತ್ತು ಡಯಾಟಮ್‌ಗಳು ಅದರ ಹತ್ತಿರದ ಸಂಬಂಧಿಗಳು. ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಮುಖ್ಯ ಘಟಕವಾಗಿದ್ದರೆ ಇವುಗಳಲ್ಲಿ ಸೆಲ್ಯುಲೋಸ್ ಮತ್ತು ಅದರಂತಹ ಗ್ಲೂಕನ್‌ಗಳಿರುತ್ತವೆ. ಆಲೂಗೆಡ್ಡೆಯ ಅಂಗಮಾರಿ, ಅಡಿಕೆಯ ಕೊಳೆರೋಗ, ಶುಂಠಿಯ ಗೆಡ್ಡೆ ಕೊಳೆ ಇವೆಲ್ಲವೂ ಈ ಗುಂಪಿನ ಜೀವಿಗಳಿಂದಲೇ ಬರುತ್ತವೆ.

ಕಾರ್ಬೆಂಡಜಿಮ್ ಕೆಲಸ ಮಾಡುವುದು ಶಿಲೀಂಧ್ರದ ಕೋಶ ವಿಭಜನೆಗೆ ಬೇಕಾದ ಟ್ಯೂಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಆ ವಿಭಜನೆಯನ್ನೇ ನಿಲ್ಲಿಸುವ ಮೂಲಕ. ಊಮೈಸೀಟ್‌ಗಳ ಟ್ಯೂಬುಲಿನ್‌ಗೆ ಅದು ಹಾಗೆ ಅಂಟಿಕೊಳ್ಳುವುದಿಲ್ಲವಾದ್ದರಿಂದ ಪ್ರಮಾಣವನ್ನು ಎರಡರಷ್ಟು, ಮೂರರಷ್ಟು ಏರಿಸಿದ್ದರೂ ನಿಮ್ಮ ಚಪ್ಪರದಲ್ಲಿ ಫಲ ಅಷ್ಟೇ ಇರುತ್ತಿತ್ತು. ತದ್ವಿರುದ್ಧವಾಗಿ, ಡೌನಿಗೆ ಹೊಡೆಯುವ ಮೆಟಲಾಕ್ಸಿಲ್ ಊಮೈಸೀಟ್‌ಗಳ ಆರ್‌ಎನ್‌ಎ ತಯಾರಿಕೆಯನ್ನು ತಡೆಯುತ್ತದೆ. ಅದನ್ನು ಒಂಟಿಯಾಗಿ ರಾಗಿಯ ಬೆಂಕಿ ರೋಗಕ್ಕೆ ಸಿಂಪಡಿಸಿದರೆ ಹಣ ಹಾಳು. ಮ್ಯಾಂಕೋಜೆಬ್ ಮತ್ತು ತಾಮ್ರದ ಔಷಧಿಗಳು ಜೀವಿಯ ಹಲವು ಕ್ರಿಯೆಗಳಿಗೆ ಒಟ್ಟಿಗೆ ಅಡ್ಡ ಬರುವುದರಿಂದ ಎರಡೂ ಗುಂಪುಗಳ ಮೇಲೆ ಪರಿಣಾಮ ಬೀರುತ್ತವೆ. ಆದರೆ ಅವು ಎಲೆಯ ಹೊರಗೆ ನಿಂತು ಕಾಯುವಂತಹವು, ಒಳಗೆ ಹೊಕ್ಕ ರೋಗವನ್ನು ಬೆನ್ನಟ್ಟಿ ಹೋಗುವಂತಹವಲ್ಲ. ಮೆಟಲಾಕ್ಸಿಲ್ ಮಾರುಕಟ್ಟೆಗೆ ಬಂದದ್ದು 1977ರಲ್ಲಿ. 1980ರ ಹೊತ್ತಿಗೆ ಯುರೋಪಿನ ಆಲೂಗೆಡ್ಡೆ ಹೊಲಗಳಲ್ಲಿ ಅದಕ್ಕೆ ಬಗ್ಗದ ರೋಗಾಣುಗಳು ಕಾಣಿಸಿಕೊಂಡಿದ್ದವು. ಇಂದು ಅದನ್ನು ಮ್ಯಾಂಕೋಜೆಬ್ ಜೊತೆ ಬೆರೆಸಿ ಮಾರುವುದಕ್ಕೆ ಇದೂ ಒಂದು ಕಾರಣ. ಹಾಗೆ ಬೆರೆಸಿದ್ದನ್ನೂ ಒಂದೇ ಸಮನೆ ಬಳಸದೆ ಬೇರೆ ಗುಂಪಿನ ಔಷಧಿಯೊಂದಿಗೆ ಸರದಿಯಲ್ಲಿ ಬಳಸಬೇಕು.

ಈಗ ರಾಗಿಯ ಮಾತು, ಏಕೆಂದರೆ ನಿಮ್ಮ ಪ್ರಶ್ನೆಯ ಮುಖ್ಯ ಭಾಗ ಅಲ್ಲಿದೆ ಎಂದು ನನಗೆ ತೋರುತ್ತದೆ: ಆಗಲೇ ಕಪ್ಪಾಗಿದ್ದ ಕುತ್ತಿಗೆಗಳು ಏಕೆ ಉಳಿಯಲಿಲ್ಲ? ಈ ಶಿಲೀಂಧ್ರ ಗಿಡದೊಳಗೆ ಹೊಗುವ ಬಗೆಯನ್ನು ತಿಳಿದರೆ ಸಿಂಪಡಣೆಯ ಕಾಲ ತಾನಾಗಿಯೇ ಅರ್ಥವಾಗುತ್ತದೆ. ಗಾಳಿಯಲ್ಲಿ ತೇಲಿ ಬಂದ ಬೀಜಾಣು, ಸೂಕ್ಷ್ಮದರ್ಶಕದಲ್ಲಿ ಮೂರು ಕೋಣೆಗಳ ಪುಟ್ಟ ಪೇರಳೆಯಂತೆ ಕಾಣುವಂತಹದು, ಎಲೆಯ ಮೇಲೆ ಬಿದ್ದೊಡನೆ ತನ್ನ ತುದಿಯಿಂದ ಅಂಟನ್ನು ಸ್ರವಿಸಿ ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಎಲೆ ಒದ್ದೆಯಾಗಿದ್ದರೆ ಕೆಲವೇ ಗಂಟೆಗಳಲ್ಲಿ ಮೊಳೆತು, ಮೊಳಕೆಯ ಕೊನೆಯಲ್ಲಿ ಗುಮ್ಮಟದ ಆಕಾರದ ಒಂದು ಕೋಶವನ್ನು ಕಟ್ಟುತ್ತದೆ. ಆ ಕೋಶದ ಗೋಡೆಗೆ ಮೆಲನಿನ್ ಎಂಬ ಕಪ್ಪು ವಸ್ತುವಿನ ಪದರ ಬಂದ ಮೇಲೆ ಒಳಗೆ ಗ್ಲಿಸರಾಲ್ ಶೇಖರವಾಗಿ, ನೀರು ನುಗ್ಗಿ, ಒತ್ತಡ ಏರುತ್ತಾ ಹೋಗುತ್ತದೆ. ಭತ್ತದ ಬೆಂಕಿ ರೋಗದ ಶಿಲೀಂಧ್ರದಲ್ಲಿ ಈ ಒತ್ತಡ 8 ಮೆಗಾಪ್ಯಾಸ್ಕಲ್‌ವರೆಗೆ, ಅಂದರೆ ಕಾರಿನ ಟೈರಿನಲ್ಲಿರುವುದರ ಸುಮಾರು 40 ಪಟ್ಟು ಏರುತ್ತದೆಂದು ಅಳೆದಿದ್ದಾರೆ. ರಾಗಿಗೆ ಬೀಳುವುದೂ ಅದೇ ಶಿಲೀಂಧ್ರದ ಇನ್ನೊಂದು ವಂಶ. ಆ ಬಲದಿಂದ ಒಂದು ಸೂಕ್ಷ್ಮ ಮೊಳೆ ಎಲೆಯ ಹೊರಪದರವನ್ನು ತೂತು ಮಾಡಿ ಒಳಗೆ ಇಳಿಯುತ್ತದೆ.

ಭತ್ತಕ್ಕೆ ಬಳಸುವ ಟ್ರೈಸೈಕ್ಲಜೋಲ್ ಈ ಮೆಲನಿನ್ ಪದರ ಕಟ್ಟದಂತೆ ತಡೆಯುವ ಔಷಧಿ. ಪದರವಿಲ್ಲದ ಕೋಶ ಒತ್ತಡವನ್ನು ಹಿಡಿದಿಟ್ಟುಕೊಳ್ಳಲಾರದೆ ಹೊರಗೇ ಉಳಿಯುತ್ತದೆ. ಬಾಗಿಲು ದಾಟಿ ಒಳಗೆ ಬಂದುಬಿಟ್ಟ ರೋಗಕ್ಕೆ ಅದು ಏನನ್ನೂ ಮಾಡುವುದಿಲ್ಲವೆಂದರೂ ಸಲ್ಲುತ್ತದೆ. ಕಾರ್ಬೆಂಡಜಿಮ್ ಅಂತರ್ವ್ಯಾಪಿ, ಅಂದರೆ ಗಿಡದೊಳಗೆ ಸೇರಿ ಹರಡುವಂತಹದು, ಆದ್ದರಿಂದ ಒಳಗಿನ ಸೋಂಕಿನ ಮೇಲೂ ಸ್ವಲ್ಪ ಕೆಲಸ ಮಾಡುತ್ತದೆ, ಆದರೆ ಕಣ್ಣಿಗೆ ಕಪ್ಪಾಗಿ ಕಾಣುವ ಕುತ್ತಿಗೆಯಲ್ಲಿ ನೀರು, ಆಹಾರ ಸಾಗಿಸುವ ಅಂಗಾಂಶ ಸತ್ತೇ ಹೋಗಿರುತ್ತದೆ. ಸತ್ತದ್ದನ್ನು ಯಾವ ಔಷಧಿಯೂ ಮರಳಿ ಹಸಿರಾಗಿಸದು. ರಾಗಿಯಲ್ಲಿ ಕುತ್ತಿಗೆ ಬೆಂಕಿ ಮತ್ತು ಇಲುಕು (ತೆನೆಯ ಬೆರಳು) ಬೆಂಕಿಗೆ ಸಿಂಪಡಿಸಬೇಕಾದ ಕಾಲ ಅರ್ಧದಷ್ಟು ತೆನೆ ಹೊರಟು ಹೂವಾಡುವ ಸಮಯ. ವಾತಾವರಣ ಮೋಡವಾಗಿಯೇ ಮುಂದುವರಿದರೆ 10 ದಿನದ ನಂತರ ಇನ್ನೊಮ್ಮೆ. ಆ ಹೊತ್ತಿಗೆ ಹೊಲ ಮೇಲ್ನೋಟಕ್ಕೆ ಚೆನ್ನಾಗಿಯೇ ಇರುತ್ತದೆ. ಬೆಳೆ ಚೆನ್ನಾಗಿರುವಾಗ ಖರ್ಚು ಮಾಡಲು ಯಾರಿಗೂ ಮನಸ್ಸು ಬಾರದು, ಹಿಂಜರಿಕೆಗೆ ಇದೇ ಕಾರಣ. ಆದರೂ ಎಲೆಯಲ್ಲಿ ಚುಕ್ಕೆ ಕಂಡ ವರ್ಷ ತೆನೆಯನ್ನು ಕಾಯುವುದು ಅನಿವಾರ್ಯವೆಂದೇ ನನ್ನ ಅಭಿಪ್ರಾಯ.

ಬೀಜದ ವಿಷಯಕ್ಕೆ ನೇರ ಉತ್ತರ: ರೋಗ ಬಿದ್ದ ಹೊಲದ ರಾಗಿಯನ್ನು ಬಿತ್ತನೆಗೆ ಇಡಬೇಡಿ. ಈ ಶಿಲೀಂಧ್ರ ಬೀಜದೊಂದಿಗೂ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ನೀವು ಬಿತ್ತುತ್ತಿರುವ ತಳಿ ಯಾವುದೆಂದು ನೀವು ಬರೆದಿಲ್ಲ. ಅದು ಉದುರುಮಲ್ಲಿಗೆಯಂತಹ ಹಳೆಯ ತಳಿಯಾಗಿದ್ದರೆ, ರೋಗಕ್ಕೆ ಎಷ್ಟು ಸುಲಭವಾಗಿ ತುತ್ತಾಗುವುದೆಂದರೆ ಬೆಂಕಿ ರೋಗದ ಪರೀಕ್ಷಾ ತಾಕುಗಳಲ್ಲಿ ಹೋಲಿಕೆಗಾಗಿ ಅದನ್ನೇ ಬೆಳೆಯುವುದುಂಟು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಪಿಯು-28 ತಳಿ ಬೆಂಕಿ ರೋಗವನ್ನು ಬಹುಕಾಲದಿಂದ ಚೆನ್ನಾಗಿ ತಡೆದುಕೊಂಡು ಬಂದಿದೆ. ಎಂಎಲ್-365 ಕೂಡ ಸಹಿಸಿಕೊಳ್ಳುತ್ತದೆ. ತಳಿ ಬದಲಿಸಿದರೆ ಸಿಂಪಡಣೆಯ ಪ್ರಶ್ನೆಯೇ ಬಹುಪಾಲು ಇಲ್ಲವಾಗುತ್ತದೆ.

ಪ್ರತಿಕ್ರಿಯೆ: ತಾರಸಿ ಕೈತೋಟ, ಬಸವನಗುಡಿ

ಮೇಲಿನ ಉತ್ತರ ಬಹಳ ಉಪಯುಕ್ತವಾಗಿದೆ, ಧನ್ಯವಾದಗಳು. ವಿಷಯಕ್ಕೆ ಹತ್ತಿರದ್ದೇ ಆದ ಒಂದು ಪ್ರಶ್ನೆ. ನಮ್ಮ ತಾರಸಿಯ ಗುಲಾಬಿ ಗಿಡಗಳ ಎಳೆ ಚಿಗುರು ಮತ್ತು ಮೊಗ್ಗಿನ ತೊಟ್ಟಿನ ಮೇಲೆ ಹಿಟ್ಟು ಉದುರಿಸಿದಂತೆ ಬಿಳಿ ಪುಡಿ ಕಾಣುತ್ತಿದೆ, ಎಲೆಗಳು ಮುದುಡುತ್ತಿವೆ. ಪಕ್ಕದ ಮನೆಯವರು ಇದೂ ಡೌನಿಯೇ, ನೀರು ಸೋಕಿಸಬೇಡಿ, ಎಲೆಗಳನ್ನು ಒಣಗಿಸಿಡಿ ಎನ್ನುತ್ತಾರೆ. ಆದರೆ ನನ್ನ ಗಿಡಗಳಲ್ಲಿ ಮಳೆ ಬಂದಾಗ ಇದು ಕಡಿಮೆಯಾಗಿ, ಹಗಲು ಬಿಸಿಲು, ರಾತ್ರಿ ಚಳಿ ಇರುವ ದಿನಗಳಲ್ಲಿ ಹೆಚ್ಚುತ್ತದೆ. ಬಿಳಿಯಾಗಿ ಕಂಡದ್ದೆಲ್ಲ ಒಂದೇ ರೋಗವೇ? ಮನೆಯಲ್ಲಿ ಮೊಮ್ಮಕ್ಕಳು ಓಡಾಡುವುದರಿಂದ ಕಟು ಔಷಧಿ ಬಳಸಲು ಮನಸ್ಸಿಲ್ಲ.

ಉತ್ತರ: ಸಸ್ಯರೋಗ ವಿಭಾಗದ ಹಳೆಯ ವಿದ್ಯಾರ್ಥಿ, ಹೆಬ್ಬಾಳ

ಅಮ್ಮಾ, ನೀವು ಗಮನಿಸಿರುವುದೇ ಸರಿ. ಅದು ಬೂದಿ ರೋಗ, ನಿಜವಾದ ಶಿಲೀಂಧ್ರದಿಂದಲೇ ಬರುವಂತಹದು. ಡೌನಿಯ ಬಿಳಿ ಎಲೆಯ ಅಡಿಯಲ್ಲಿ ಎಲೆರಂಧ್ರಗಳ ಮೂಲಕ ಹೊರಗೆ ಚಾಚುತ್ತದೆ. ಒರೆಸಿದರೂ ಕೆಳಗಿನ ಕಲೆ ಹಾಗೆಯೇ ಉಳಿಯುತ್ತದೆ. ಬೂದಿ ರೋಗದ ಶಿಲೀಂಧ್ರವಾದರೋ ಎಲೆಯ ಮೇಲೆಯೇ ಹರಡಿಕೊಂಡು, ಹೀರುಬೇರುಗಳನ್ನು ಮಾತ್ರ ಹೊರಪದರದ ಕೋಶಗಳಿಗೆ ಇಳಿಸುತ್ತದೆ. ಬೆರಳಿನಿಂದ ಉಜ್ಜಿದರೆ ಪುಡಿ ಕೈಗೆ ಬರುತ್ತದೆ. ಡೌನಿಯ ರೋಗಾಣುವಿಗೆ ಈಜಿ ಎಲೆರಂಧ್ರ ಸೇರಲು ನೀರಿನ ಪದರ ಬೇಕೇ ಬೇಕು. ಬೂದಿ ರೋಗದ ಬೀಜಾಣುವಿಗೆ ಗಾಳಿಯ ತೇವ ಸಾಕು. ಎಲೆಯ ಮೇಲೆ ನೀರು ನಿಂತರೆ ಅದು ಸರಿಯಾಗಿ ಮೊಳೆಯುವುದೇ ಇಲ್ಲ. ಆದ್ದರಿಂದ ನೆರೆಯವರ ಸಲಹೆ ಡೌನಿಗೆ ಹೊಂದುತ್ತದೆ, ನಿಮ್ಮ ಗುಲಾಬಿಗಲ್ಲ.

ಬೆಳಿಗ್ಗೆ ಎಲೆಗಳನ್ನು ಜೋರಾದ ನೀರಿನಿಂದ ತೊಳೆಯಿರಿ. ಸಂಜೆ ತೊಳೆದರೆ ಎಲೆ ರಾತ್ರಿಯೆಲ್ಲ ಒದ್ದೆಯಾಗಿದ್ದು ಗುಲಾಬಿಗೆ ಕಪ್ಪುಚುಕ್ಕೆ ರೋಗ ಬರುವ ಸಂಭವವಿರುವುದರಿಂದ ಬೆಳಗಿನ ಹೊತ್ತೇ ಸೂಕ್ತ. ಹೆಚ್ಚು ಮುದುಡಿದ ಚಿಗುರುಗಳನ್ನು ಕತ್ತರಿಸಿ ತೆಗೆಯಿರಿ, ಕುಂಡಗಳನ್ನು ಗಾಳಿಯಾಡುವಂತೆ ದೂರ ದೂರ ಇಡಿ. ನೀರು ಬೆರೆಸಿದ ಹಾಲನ್ನು ಸಿಂಪಡಿಸುವ ವಿಧಾನವನ್ನು ಬ್ರೆಜಿಲ್‌ನಲ್ಲಿ ಕುಂಬಳದ ಜಾತಿಯ ಬೆಳೆಯ ಬೂದಿ ರೋಗಕ್ಕೆ ಪರೀಕ್ಷಿಸಿ, ಫಲ ಕಂಡುದನ್ನು 1999ರಲ್ಲಿ ಪ್ರಕಟಿಸಿದ್ದಾರೆ. ಕೆಲವೇ ಕುಂಡಗಳಿರುವ ನಿಮಗೆ ಅದು ಕೈಗೆಟುಕುವ ಉಪಾಯ. ಅದರಿಂದ ತಗ್ಗದಿದ್ದರೆ ನೀರಿನಲ್ಲಿ ಕರಗುವ ಗಂಧಕದ ಪುಡಿ ಇದೆ, ಆದರೆ ಉರಿಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಪ್ರತಿಕ್ರಿಯೆ: ಅಡಿಕೆ ತೋಟದವರು, ಈಗ ರಾಜಾಜಿನಗರ

ದ್ರಾಕ್ಷಿಯ ಪ್ರಶ್ನೆಗೆ ನಮ್ಮ ಮಲೆನಾಡಿನ ಅನುಭವದಿಂದ ಹೇಳಬೇಕಾದದ್ದು ಇದೆ, ಏಕೆಂದರೆ ಕೊಳೆರೋಗವೂ ಇದೇ ಬಳಗದ್ದು ಎಂದು ಮೇಲೆ ಬರೆದಿದ್ದಾರೆ. ಔಷಧಿ ಬರುವ ಮೊದಲು ನಮ್ಮ ಹಿರಿಯರು ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ನೀರು ತಾಗದಂತೆ ಕಾಪಾಡುತ್ತಿದ್ದರು. ರೋಗಾಣುವಿನ ಹೆಸರು ಅವರಿಗೆ ತಿಳಿದಿರಲಿಲ್ಲ, ಆದರೆ ನೀರಿಗೂ ರೋಗಕ್ಕೂ ಇರುವ ನಂಟು ಚೆನ್ನಾಗಿ ತಿಳಿದಿತ್ತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ತೋಟಗಳಲ್ಲಿಯೇ ನಿಂತು ಅಭ್ಯಾಸ ಮಾಡಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬೆಳೆಗಾರರಿಗೆ ಕಲಿಸಿದರು. ಮುಂದೆ ಅವರೇ ಸಂಸ್ಥಾನದ ಕೃಷಿ ನಿರ್ದೇಶಕರಾದರು. ಆ ದ್ರಾವಣವಾದರೂ ಮೊದಲು ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿಯ ಡೌನಿಗೇ. ಬೋರ್ಡೋ ಪ್ರದೇಶದಲ್ಲಿ ಕಳ್ಳರಿಗೆ ಹೆದರಿಕೆಯಾಗಲೆಂದು ದಾರಿಬದಿಯ ಬಳ್ಳಿಗಳಿಗೆ ಬಳಿದಿದ್ದ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದಿಂದ ಆ ಬಳ್ಳಿಗಳು ರೋಗವಿಲ್ಲದೆ ಉಳಿದದ್ದನ್ನು ಕಂಡು ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನು ಪ್ರಕಟಿಸಿದರು. ಹೀಗಿರುವಾಗ ದ್ರಾಕ್ಷಿ ಬೆಳೆಯುವವರು ಇದನ್ನು ಮರೆಯುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಮಾಡುವ ಕ್ರಮವನ್ನು ತಪ್ಪಿಲ್ಲದೆ ಪಾಲಿಸಬೇಕು. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಒಳ್ಳೆಯ ಸುಟ್ಟ ಸುಣ್ಣವನ್ನು ಅರಳಿಸಿ ಸೋಸಿ ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕದಡಿಕೊಳ್ಳಬೇಕು. ಪಾತ್ರೆ ಪ್ಲಾಸ್ಟಿಕ್, ಮಣ್ಣು ಅಥವಾ ಮರದ್ದಾಗಿರಲಿ; ಕಬ್ಬಿಣ, ತಗಡು ಸಲ್ಲದು. ಸುಣ್ಣದ ನೀರನ್ನು ಒಬ್ಬರು ಕದಡುತ್ತಿರುವಂತೆಯೇ ಇನ್ನೊಬ್ಬರು ಮೈಲುತುತ್ತದ ನೀರನ್ನು ನಿಧಾನವಾಗಿ ಅದಕ್ಕೆ ಸುರಿಯಬೇಕು. ಆಮೇಲೆ ಉಜ್ಜಿ ಹೊಳಪು ಮಾಡಿದ ಕುಡುಗೋಲನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದು ನೋಡಿ: ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಕೂತಿದ್ದರೆ ಹುಳಿ ಉಳಿದಿದೆ ಎಂದರ್ಥ, ಎಲೆ ಸುಡುತ್ತದೆ; ಲೇಪ ಬಾರದಾಗುವವರೆಗೆ ಸುಣ್ಣದ ನೀರು ಸೇರಿಸಬೇಕು. ಆಕಾಶನೀಲಿ ಬಣ್ಣದ ಆ ದ್ರಾವಣವನ್ನು ಅದೇ ದಿನ ಮುಗಿಸಬೇಕು. ನಾಳೆಗೆಂದು ಇಟ್ಟರೆ ಗಸಿ ತಳಕ್ಕೆ ಕೂತು, ಎಲೆಗೆ ಅಂಟುವ ಗುಣ ಹೋಗುತ್ತದೆ.

ಒಂದು ಎಚ್ಚರಿಕೆ. ಇದು ಮಳೆಗೆ ಮುಂಚೆ ಹೊಡೆಯುವ ಔಷಧಿ. ಕೊಳೆ ಕಾಣಿಸಿಕೊಂಡ ಮೇಲೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರನ್ನು ಹುಡುಕಲು ಹೊರಟವರ ತೋಟದಲ್ಲಿ ಕಾಯಿ ಉದುರುವುದನ್ನು ನಾವು ಪ್ರತಿ ಮಳೆಗಾಲದಲ್ಲೂ ಕಾಣುತ್ತೇವೆ.

ಪ್ರಶ್ನೆ ಕೇಳಿದವರು: ರಾಗಿಹೊಲ, ಯಲಹಂಕ

ಇಬ್ಬರು ಹಿರಿಯರಿಗೂ ಹೃತ್ಪೂರ್ವಕ ಧನ್ಯವಾದಗಳು. ತಂದೆಯವರಿಗೆ ಎಲ್ಲವನ್ನೂ ಓದಿ ಹೇಳಿದೆ. ಬೀಜ ಮನೆಯಲ್ಲೇ ಇಟ್ಟುಕೊಂಡ ಹಳೆಯ ರಾಗಿಯದು; ತಳಿಯ ಹೆಸರು ತಂದೆಯವರಿಗೂ ಗೊತ್ತಿಲ್ಲ, ಅವರ ತಂದೆಯ ಕಾಲದಿಂದಲೂ ಅದನ್ನೇ ಬಿತ್ತುತ್ತಿದ್ದಾರೆ. ರುಚಿ ಮತ್ತು ಹುಲ್ಲಿನ ಕಾರಣಕ್ಕೆ ಅದನ್ನು ಪೂರ್ತಿ ಬಿಡಲು ಅವರಿಗೆ ಮನಸ್ಸಿಲ್ಲ. ಇನ್ನೂ ಎರಡು ಸಂದೇಹಗಳು: ಹೊಲದ ಬದುಗಳಲ್ಲಿ ರಾಗಿಯಂತೆಯೇ ಕಾಣುವ ಕಾಡುರಾಗಿ ಕಳೆ ತುಂಬಾ ಇದೆ, ಅದರಿಂದ ರೋಗ ಬರುತ್ತದೆಯೇ? ಪಕ್ಕದ ಕೆರೆ ಬಯಲಿನ ಭತ್ತಕ್ಕೆ ನಮ್ಮ ರಾಗಿಯಿಂದ ರೋಗ ಹಬ್ಬುತ್ತದೆಂದು ಅಲ್ಲಿಯವರು ದೂರುತ್ತಿದ್ದಾರೆ, ಅದು ನಿಜವೇ? ಮುಂದಿನ ಸಲ ಸಿಂಪಡಿಸುವ ಮೊದಲೇ ರೋಗವನ್ನು ಖಚಿತಪಡಿಸಿಕೊಳ್ಳುವ ದಾರಿ ಇದ್ದರೆ ಅದನ್ನೂ ತಿಳಿಸಿ.

ಉತ್ತರ: ಸಸ್ಯರೋಗ ವಿಭಾಗದ ಹಳೆಯ ವಿದ್ಯಾರ್ಥಿ, ಹೆಬ್ಬಾಳ

ಕಾಡುರಾಗಿಯ ಬಗ್ಗೆ ನಿಮ್ಮ ಸಂದೇಹ ಸರಿಯಾದದ್ದು. ಅದು ರಾಗಿಯ ಹತ್ತಿರದ ಸಂಬಂಧಿ, ಅದರ ಮೇಲೆ ಬೆಳೆಯುವ ಬೆಂಕಿ ರೋಗದ ವಂಶವೂ ರಾಗಿಯದಕ್ಕೆ ಬಹಳ ಹತ್ತಿರದ್ದು. ಬಿತ್ತನೆಗೆ ಮೊದಲೇ ಬದುಗಳನ್ನು ಶುಚಿ ಮಾಡಿ. ಭತ್ತದ ದೂರಿನಲ್ಲಿ ಹುರುಳಿಲ್ಲ ಎನ್ನಬಹುದು: ಈ ಶಿಲೀಂಧ್ರದ ಒಳಗೇ ಬೆಳೆಗೊಂದರಂತೆ ವಂಶಗಳಿದ್ದು, ರಾಗಿಯ ಮೇಲಿನದು ಸಾಮಾನ್ಯವಾಗಿ ಭತ್ತಕ್ಕೆ ಹತ್ತುವುದಿಲ್ಲ. ಹಾಗೆಂದು ಈ ಗಡಿಗಳು ಎಂದೆಂದಿಗೂ ಹಾಗೆಯೇ ಇರುತ್ತವೆಂದೂ ಅಲ್ಲ. ಗೋಧಿಗೆ ಈ ರೋಗ ಮೊದಲು ಕಂಡದ್ದು 1985ರಲ್ಲಿ ಬ್ರೆಜಿಲ್‌ನಲ್ಲಿ. 2016ರಲ್ಲಿ ಅದು ಬಾಂಗ್ಲಾದೇಶದ ಗೋಧಿ ಹೊಲಗಳಿಗೆ ಬಂದಿಳಿಯಿತು.

ಮನೆತನದ ರಾಗಿಯನ್ನು ಬಿಡಬೇಕೆಂದು ನಾನು ಒತ್ತಾಯಿಸುವುದಿಲ್ಲ, ಅಂತಹ ಬೀಜ ಒಮ್ಮೆ ಕೈಬಿಟ್ಟರೆ ಮತ್ತೆ ಸಿಗುವುದು ಕಷ್ಟ. ಹೆಚ್ಚಿನ ಭಾಗದಲ್ಲಿ ಜಿಪಿಯು-28 ಬಿತ್ತಿ, ಹಳೆಯದನ್ನು ಒಂದು ಚಿಕ್ಕ ತಾಕಿನಲ್ಲಿ ಇಟ್ಟುಕೊಳ್ಳಿ. ಆ ತಾಕಿನಲ್ಲಿ ಎಲೆಯಿಂದ ತೆನೆಯವರೆಗೆ ರೋಗದ ಗುರುತಿಲ್ಲದ ಗಿಡಗಳನ್ನು ಮೊದಲೇ ದಾರ ಕಟ್ಟಿ ಗುರುತು ಮಾಡಿಟ್ಟು, ಬೀಜಕ್ಕೆ ಅವುಗಳ ತೆನೆಯನ್ನು ಮಾತ್ರ ಕೊಯ್ಯಿರಿ. ಬಿತ್ತುವಾಗ ಕಿಲೋ ಬೀಜಕ್ಕೆ 2 ಗ್ರಾಂ ಕಾರ್ಬೆಂಡಜಿಮ್ ಲೇಪಿಸಿ. ಯೂರಿಯಾವನ್ನು ಶಿಫಾರಸಿಗಿಂತ ಹೆಚ್ಚು ಕೊಡಬೇಡಿ, ಸಾರಜನಕ ಹೆಚ್ಚಾಗಿ ಸೊಂಪಾಗಿ ಬೆಳೆದ ಮೆತ್ತನೆಯ ಎಲೆಗೆ ಈ ರೋಗ ಬೇಗ ಬೀಳುತ್ತದೆ.

ದ್ರಾಕ್ಷಿಯ ವಿಚಾರದಲ್ಲಿ ರಾಜಾಜಿನಗರದ ಹಿರಿಯರ ಮಾತಿಗೆ ನನ್ನ ಪೂರ್ಣ ಸಮ್ಮತಿ ಇದೆ. ಬೆಂಗಳೂರು ನೀಲಿ ಚಿಬ್ಬು ರೋಗವನ್ನು ತಡೆದುಕೊಳ್ಳುವ ಗಟ್ಟಿ ತಳಿಯಾದರೂ ಡೌನಿಗೆ ಮಾತ್ರ ಸುಲಭವಾಗಿ ಸೋಲುತ್ತದೆ. ಸವರಿದ ನಂತರದ ಚಿಗುರಿನಿಂದಲೇ ತಾಮ್ರದ ರಕ್ಷಣೆ ಇರಲಿ. ತೀರಾ ಎಳೆಯ ಎಲೆಗಳಿಗೆ ತೆಳುವಾದ ದ್ರಾವಣ ಸಾಕು, ಕೊಯ್ಲು ಹತ್ತಿರವಾದಾಗ ಹಣ್ಣಿನ ಮೇಲೆ ಕಲೆ ಉಳಿಯುವುದರಿಂದ ಬೇಡ. ಚಪ್ಪರದಲ್ಲಿ ಬೆಳಕು ನೆಲಕ್ಕೆ ಚುಕ್ಕೆಚುಕ್ಕೆಯಾಗಿ ಬೀಳುವಷ್ಟು ಎಲೆ ತೆಳುಮಾಡಿದರೆ ಮಳೆ ನಿಂತ ಮೇಲೆ ಎಲೆಗಳು ಬೇಗ ಒಣಗುತ್ತವೆ, ಔಷಧಿಯೂ ಎಲೆಯ ಅಡಿಗೆ ತಲುಪುತ್ತದೆ. ಸಿಂಪಡಿಸುವವರ ಕೋಲು ಕೆಳಗಿನಿಂದ ಮೇಲಕ್ಕೆ ಆಡಬೇಕು, ರೋಗಾಣು ಹೊಗುವ ಎಲೆರಂಧ್ರಗಳು ಇರುವುದು ಅಡಿಯಲ್ಲಿ.

ರೋಗವನ್ನು ಖಚಿತಪಡಿಸಿಕೊಳ್ಳಲು ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ ಇದೆ. ಸಂಶಯವಿರುವ ಎಲೆಯನ್ನು ಸಂಜೆ ಕಿತ್ತು, ಒದ್ದೆ ಕಾಗದ ಹಾಸಿದ ಮುಚ್ಚಳದ ಡಬ್ಬಿಯಲ್ಲಿ ಅಡಿ ಮೇಲಾಗಿ ಇಟ್ಟು, ಬೆಳಗಿನವರೆಗೆ ಕತ್ತಲಲ್ಲಿ ಬಿಡಿ. ಡೌನಿಯಾಗಿದ್ದರೆ ಎಣ್ಣೆಗಲೆಯ ಜಾಗದಲ್ಲಷ್ಟೇ, ಅದರ ಅಂಚು ಎಲ್ಲಿದೆಯೋ ಅಲ್ಲಿಯವರೆಗೆ ಅಚ್ಚ ಬಿಳಿಯ ಎಳೆಗಳು ಎದ್ದು ನಿಂತಿರುತ್ತವೆ. ರಾಗಿಯ ಎಲೆಯಲ್ಲಾದರೆ ಚುಕ್ಕೆಯ ನಡುಭಾಗ ಬೂದು ಬಣ್ಣದ ಮಖಮಲ್ಲಿನಂತಾಗಿರುತ್ತದೆ. ಸಾಧಾರಣ ಭೂತಗನ್ನಡಿ ಸಾಕು. ಗೊಬ್ಬರದ ಕೊರತೆಯಿಂದ ಅಥವಾ ಔಷಧಿ ಸುಟ್ಟಿದ್ದರಿಂದ ಬಂದ ಕಲೆಯಾಗಿದ್ದರೆ ಇಂತಹ ಬೆಳವಣಿಗೆ ಬರುವುದಿಲ್ಲ.

ಅದರಿಂದಲೂ ತಿಳಿಯದಿದ್ದರೆ ನಿಮ್ಮ ತಾಲ್ಲೂಕಿನ ಹಾಡೋನಹಳ್ಳಿಯಲ್ಲಿಯೇ ಕೃಷಿ ವಿಜ್ಞಾನ ಕೇಂದ್ರವಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆ ಕೂಡ ಯಲಹಂಕದಿಂದ ದೂರವಿಲ್ಲ. ಮಾದರಿ ಒಯ್ಯುವಾಗ ಪೂರ್ತಿ ಒಣಗಿದ ಅಥವಾ ಕೊಳೆತ ಭಾಗ ಬೇಡ, ಅದರಲ್ಲಿ ಆಮೇಲೆ ಬಂದು ಸೇರಿದ ಬೇರೆ ಶಿಲೀಂಧ್ರಗಳೇ ಹೆಚ್ಚು ಸಿಗುತ್ತವೆ. ರೋಗ ಈಗಷ್ಟೇ ಹರಡುತ್ತಿರುವ, ಅರ್ಧ ಹಸಿರು ಅರ್ಧ ಕಲೆಯಾಗಿರುವ ಎಲೆ, ಕುತ್ತಿಗೆ ಕಪ್ಪಾಗತೊಡಗಿದ ಒಂದೆರಡು ತೆನೆ ಸಾಕು. ಅವನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬೆವರಲು ಬಿಡದೆ ಅದೇ ದಿನ ತಲುಪಿಸಿ. ಯಾವ ಔಷಧಿ, ಯಾವ ಪ್ರಮಾಣದಲ್ಲಿ, ಯಾವ ದಿನ ಹೊಡೆಯಲಾಗಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.